ಅನಿಮೆ ಹುಡುಗಿಯರ ‘ಹಿಮೆ ಕಟ್’ ಕೂದಲು ಏನು ಹೇಳುತ್ತದೆ?

ನೀವು ಕೇಳಿದ್ದು ಎರಡು ಪ್ರಶ್ನೆ. ಹಣೆಯ ಮೇಲೆ ಸ್ಕೇಲ್ ಇಟ್ಟು ಕತ್ತರಿಸಿದಂಥ ಮುಂಗೂದಲು, ಎರಡೂ ಕೆನ್ನೆಯ ಪಕ್ಕ ದವಡೆವರೆಗೆ ಬಂದು ಅಲ್ಲೇ ನಿಂತುಬಿಡುವ ಒಂದೊಂದು ಎಳೆ, ಹಿಂದೆ ಸೊಂಟದವರೆಗೂ ನೇರವಾಗಿ ಇಳಿಯುವ ಕೂದಲು. ಇದು ಅನಿಮೆಯಲ್ಲಿ, ಅಂದರೆ ಜಪಾನಿನ ಅನಿಮೇಶನ್‌ನಲ್ಲಿ, ಯಾಕೆ ಪದೇ ಪದೇ ಬರುತ್ತದೆ ಅನ್ನುವುದು ಮೊದಲನೆಯದು. ನೀವು ಮಾಡುತ್ತಿರುವ ಕಾಮಿಕ್ಸ್‌ನ ನಾಯಕಿಗೆ ಇದನ್ನೇ ಕೊಟ್ಟರೆ ಓದುವವರು ಏನೆಂದುಕೊಳ್ಳುತ್ತಾರೆ ಅನ್ನುವುದು ಎರಡನೆಯದು. ನಾನು ಒಂದು ಅನಿಮೇಶನ್ ಸ್ಟುಡಿಯೋದಲ್ಲಿ ಕ್ಲೀನಪ್ ಕೆಲಸದವನು, ಅಂದರೆ ಬೇರೆಯವರು ಬಿಡಿಸಿದ ಒರಟು ಗೆರೆಗಳನ್ನು ತಿದ್ದಿ ನೀಟು ಮಾಡುವವನು. ಕೂದಲು ಬಿಡಿಸಿ ಬಿಡಿಸಿಯೇ ಇದರ ಹುಚ್ಚು ಹಿಡಿದಿದ್ದು.

ಜಪಾನಿನಲ್ಲಿ ಇದನ್ನು ‘ಹಿಮೆ ಕಟ್’ ಅನ್ನುತ್ತಾರೆ. ಹಿಮೆ ಅಂದರೆ ರಾಜಕುಮಾರಿ. ಹಾಗಾಗಿ ಎಲ್ಲರೂ ಕೊಡುವ ಉತ್ತರ ಒಂದೇ: ಶ್ರೀಮಂತರ ಮನೆ ಹುಡುಗಿ, ಮೆತ್ತಗಿನ ಮಾತು, ಹಳೇ ಸಂಸ್ಕಾರ. ತಪ್ಪೇನಲ್ಲ, ಆದರೆ ಅಷ್ಟಕ್ಕೇ ನಿಂತರೆ ಅರ್ಧ ಪಾತ್ರಗಳು ಅರ್ಥವಾಗುವುದಿಲ್ಲ. ನನ್ನ ಪ್ರಕಾರ ಈ ಕೂದಲು ಹೇಳುವುದು ಬೇರೆ: ಇವಳ ತಲೆಯ ಮೇಲೆ ಇನ್ನೊಬ್ಬರ ಕೈ ಇದೆ. ಒಂದು ಮನೆತನವೋ, ಒಂದು ಕಟ್ಟಳೆಯೋ, ಒಬ್ಬ ಅಪ್ಪನೋ ಇವಳನ್ನು ಹೀಗೆ ಇಟ್ಟಿದ್ದಾರೆ.

ಇದರ ಬೇರು ಹೆಯಾನ್ ಕಾಲದಲ್ಲಿದೆ, ಅಂದರೆ 794ರಿಂದ 1185ರವರೆಗೆ, ಈಗಿನ ಕ್ಯೋಟೋ ರಾಜಧಾನಿಯಾಗಿದ್ದಾಗ. ಅರಮನೆಯ ಹೆಂಗಸರು ಪರಗಂಡಸರಿಗೆ ಮುಖ ತೋರಿಸುವಂತಿರಲಿಲ್ಲ. ಪರದೆಯ ಹಿಂದೆ, ಬೀಸಣಿಗೆಯ ಮರೆಯಲ್ಲಿ ಕೂರುತ್ತಿದ್ದರು. ಹೊರಗಿನವರಿಗೆ ಕಾಣುತ್ತಿದ್ದದ್ದು ಪದರ ಪದರ ನಿಲುವಂಗಿಯ ಅಂಚು ಮತ್ತು ಕೂದಲು. ಹಾಗಾಗಿ ಚೆಲುವೆಯೆಂದರೆ ಕೂದಲೇ. ಮುರಾಕಾಮಿ ಚಕ್ರವರ್ತಿಯ ಪತ್ನಿಯರಲ್ಲೊಬ್ಬಳಾದ ಹೋಶಿ ಬಗ್ಗೆ ಒಂದು ಹಳೇ ಇತಿಹಾಸ ಕಥನದಲ್ಲಿ ಹೀಗಿದೆ: ಆಕೆ ಹೊರಗೆ ಬಂದು ಗಾಡಿ ಹತ್ತಿ ಕೂತಾಗಲೂ ಕೂದಲಿನ ತುದಿ ಇನ್ನೂ ಒಳಮನೆಯ ಕಂಬದ ಬುಡದಲ್ಲೇ ಇತ್ತಂತೆ. ಉತ್ಪ್ರೇಕ್ಷೆಯೇ ಇರಲಿ, ಯಾವುದನ್ನು ಹೊಗಳಬೇಕು ಅಂತ ಆ ಕಾಲ ಅಂದುಕೊಂಡಿತ್ತು ಅನ್ನುವುದು ಗೊತ್ತಾಗುತ್ತದೆ. ಇಂಥ ಕೂದಲನ್ನು ನೋಡಿಕೊಳ್ಳುವುದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲ. ತೊಳೆಯುವುದೆಂದರೆ ಒಂದಿಡೀ ದಿನದ ಕಾರ್ಯಕ್ರಮ, ಸುತ್ತ ದಾಸಿಯರು. ಬಾಚುವಾಗ ಹಚ್ಚುತ್ತಿದ್ದದ್ದು ಅಕ್ಕಿ ತೊಳೆದ ನೀರು. ನಮ್ಮಲ್ಲಿ ಹಸುವಿನ ಬಾನಿಗೆ ಹೋಗುವ ಅಕ್ಕಚ್ಚಿಗೆ ಅಲ್ಲಿ ಅದಕ್ಕೆಂದೇ ಒಂದು ಚೆಂದದ ಪಾತ್ರೆ ಇತ್ತು!

ಇನ್ನು ಆ ಕೆನ್ನೆಯ ಪಕ್ಕದ ಎರಡು ಎಳೆ. ವಿಷಯವೆಲ್ಲ ಇರುವುದು ಅಲ್ಲೇ. ಹುಡುಗಿ ದೊಡ್ಡವಳಾದಳು ಅಂತ ಸಾರಲು, ಸುಮಾರು ಹದಿನಾರರ ವಯಸ್ಸಿಗೆ, ಕಿವಿಯ ಮುಂದಿನ ಕೂದಲನ್ನಷ್ಟೇ ಗಿಡ್ಡ ಮಾಡುವ ‘ಬಿನ್ಸೊಗಿ’ ಎಂಬ ಶಾಸ್ತ್ರವಿತ್ತು. ಕತ್ತರಿ ಹಿಡಿಯುವವನು ಮದುವೆ ನಿಶ್ಚಯವಾಗಿದ್ದರೆ ಆ ಹುಡುಗ, ಇಲ್ಲದಿದ್ದರೆ ಅಪ್ಪ ಅಥವಾ ಅಣ್ಣ. ಹುಡುಗಿ ತಾನೇ ಕತ್ತರಿಸಿಕೊಳ್ಳುವ ಮಾತೇ ಇಲ್ಲ.

ಹನ್ನೊಂದನೇ ಶತಮಾನದ ಆರಂಭದಲ್ಲಿ ಮುರಾಸಾಕಿ ಶಿಕಿಬು ಎಂಬಾಕೆ ಬರೆದ ‘ಗೆಂಜಿ ಮೊನೊಗತಾರಿ’ ಎಂಬ ಕಾದಂಬರಿಯಲ್ಲಿ ಇದಕ್ಕೆ ಹತ್ತಿರದ ಒಂದು ಸನ್ನಿವೇಶ ಇದೆ. ಕಾಮೊ ಜಾತ್ರೆಯ ದಿನ ಕಥಾನಾಯಕ ಗೆಂಜಿ ತಾನು ಸಾಕುತ್ತಿರುವ ಹುಡುಗಿ ಮುರಾಸಾಕಿಯ (ಬರೆದವಳ ಹೆಸರೇ, ಆದರೆ ಇದು ಪಾತ್ರ) ಕೂದಲು ನೋಡಿ, ತುಂಬಾ ದಿನವಾಯಿತು ಕತ್ತರಿಸಿ ಅಂತ ಪಂಚಾಂಗ ಬಲ್ಲವರನ್ನು ಕರೆಸಿ ಘಳಿಗೆ ಕೇಳುತ್ತಾನೆ. ಆಮೇಲೆ ಬೇರೆಯವರಿಗೆ ಬಿಡದೆ ತಾನೇ ಕೂತು ತುದಿ ಸರಿ ಮಾಡುತ್ತಾನೆ. ಮುಗಿಸಿ, ಸಾವಿರ ಮಾರು ಉದ್ದ ಬೆಳೆಯಲಿ ಅಂತ ಹರಸುತ್ತಾನೆ. ಆ ಬೆಳವಣಿಗೆಯನ್ನು ನೋಡುವವನು ನಾನೊಬ್ಬನೇ ಅನ್ನುವ ಅರ್ಥದ ಪದ್ಯವನ್ನೂ ಹೇಳುತ್ತಾನೆ. ಅದೇ ಅಧ್ಯಾಯದ ಕೊನೆಯ ಹೊತ್ತಿಗೆ ಆಕೆಯನ್ನು ಹೆಂಡತಿಯನ್ನಾಗಿ ಮಾಡಿಕೊಂಡಿರುತ್ತಾನೆ. ಅಕ್ಕರೆಯೂ ಹೌದು, ಹಕ್ಕು ಸ್ಥಾಪನೆಯೂ ಹೌದು. ಓದುವಾಗ ನನಗಂತೂ ಸ್ವಲ್ಪ ಮೈ ಜುಮ್ಮೆನ್ನುತ್ತದೆ.

ಹಣೆಯ ಮೇಲಿನ ನೇರ ಕತ್ತರಿ ಮಾತ್ರ ಅಲ್ಲಿಂದ ಬಂದದ್ದಲ್ಲ. ಹೆಯಾನ್ ಕಾಲದ ಹೆಂಗಸರನ್ನು ತೋರಿಸುವ ಸುರುಳಿ ಚಿತ್ರಗಳನ್ನು ನೋಡಿ: ನಡು ಬೈತಲೆ, ಬರಿ ಹಣೆ. ಹಣೆ ಮುಚ್ಚುವ ಕೂದಲು ಮಕ್ಕಳದ್ದು. ಮುಂದೆ ಎಡೋ ಕಾಲದಲ್ಲಿ, ಅಂದರೆ 1603ರಿಂದ 1868ರ ನಡುವೆ, ಊರಿನ ಹೆಂಗಸರೆಲ್ಲ ಕೂದಲನ್ನು ಎತ್ತಿ ತುರುಬು ಕಟ್ಟುವ ರೂಢಿಗೆ ಬಂದರು. ಇಳಿಬಿಟ್ಟ ಕೂದಲು ಉಳಿದದ್ದು ಅರಮನೆಯ ಸುತ್ತ, ದೇವಸ್ಥಾನದ ಮಿಕೊಗಳಲ್ಲಿ, ಅಂದರೆ ಅಲ್ಲಿ ಸೇವೆ ಮಾಡುವ ಹುಡುಗಿಯರಲ್ಲಿ, ಮತ್ತು ಬೊಂಬೆಗಳಲ್ಲಿ. ಇವೆಲ್ಲ ಕಲೆತು ಈಗಿನ ರೂಪ ಜನಪ್ರಿಯವಾದದ್ದು 1970ರ ದಶಕದಲ್ಲಿ. 1972ರಲ್ಲಿ ಹಾಡಲು ಶುರು ಮಾಡಿದ ಅಸಾಓಕಾ ಮೆಗುಮಿ ಎಂಬ ಗಾಯಕಿ ಈ ಕೂದಲಲ್ಲಿ ಟೀವಿಗೆ ಬಂದಳು, ಹುಡುಗಿಯರು ಅದನ್ನೇ ಕೇಳಿಕೊಂಡು ಸಲೂನಿಗೆ ಹೋದರು. ಅಂದರೆ ಸಾವಿರ ವರ್ಷ ಹಳೇದು ಅಂತ ನಾವು ಅಂದುಕೊಳ್ಳುವ ಈ ಕಟ್‌ನ ಮೇಲ್ಭಾಗ ಮಗುವಿನದು, ಪಕ್ಕದ್ದು ಪ್ರಾಯಕ್ಕೆ ಬಂದ ರಾಜಮನೆ ಹುಡುಗಿಯದು, ಒಟ್ಟು ನೋಟ ಪಾಪ್ ತಾರೆಯದು.

ಈಗ ಪಾತ್ರಗಳಿಗೆ ಬರೋಣ. ನಿಮಗೆ ಗೊತ್ತಿರಬಹುದಾದ ಅತ್ಯುತ್ತಮ ಉದಾಹರಣೆ ‘ನರುಟೊ’ದ ಹಿನಾಟಾ. ಹ್ಯೂಗಾ ಅನ್ನುವುದು ಆ ಊರಿನ ಹಳೇ ಮನೆತನ, ಅದರಲ್ಲಿ ದೊಡ್ಡಮನೆ–ಕವಲುಮನೆ ಅನ್ನುವ ಭೇದ, ಕವಲುಮನೆಯವರ ಹಣೆಗೆ ಮುದ್ರೆ. ಹಿನಾಟಾ ದೊಡ್ಡಮನೆಯ ಹಿರಿಮಗಳು, ಅಪ್ಪನ ಲೆಕ್ಕದಲ್ಲಿ ಕೈಲಾಗದವಳು. ಮೊದಲ ಭಾಗದಲ್ಲಿ ಅವಳ ಕೂದಲು ಗಿಡ್ಡ, ಆದರೆ ಗಮನಿಸಿ: ಆಗಲೂ ಕೆನ್ನೆಯ ಪಕ್ಕದ ಎರಡು ಎಳೆ ಮಾತ್ರ ಉದ್ದಕ್ಕೆ ಇಳಿದಿರುತ್ತವೆ. ಉತ್ತರಾಧಿಕಾರ ಕೈತಪ್ಪುತ್ತಿರುವ ಹುಡುಗಿಯ ಮುಖದ ಮೇಲೆ ಮನೆತನದ ಗುರುತು ಅಷ್ಟೇ ಉಳಿದ ಹಾಗೆ. ಎರಡನೇ ಭಾಗ ‘ಶಿಪ್ಪೂಡೆನ್’ ಶುರುವಾಗುವಾಗ ಪೂರ್ತಿ ಹಿಮೆ ಕಟ್ ಬಂದಿರುತ್ತದೆ. ಮದುವೆಯಾಗಿ ಉಜುಮಾಕಿ ಹೆಸರು ಬಂದ ಮೇಲೆ, ಮುಂದಿನ ಕಥೆ ‘ಬೊರುಟೊ’ದಲ್ಲಿ, ಕೂದಲು ಮತ್ತೆ ಗಿಡ್ಡ. ಇದನ್ನೆಲ್ಲ ‘ನರುಟೊ’ ಬರೆದ ಕಿಶಿಮೊಟೊ ಲೆಕ್ಕ ಹಾಕಿಯೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಈ ಕೂದಲಿನ ಭಾಷೆ ಗೊತ್ತಿರುವ ಜಪಾನಿನ ಓದುಗ ಹೀಗೆ ಓದಿಕೊಳ್ಳಲು ಏನೂ ಅಡ್ಡಿಯಿಲ್ಲ.

ಇದಕ್ಕೆ ಎದುರುಬದುರು ನಿಲ್ಲಿಸಬೇಕಾದ್ದು ಚಿನ್ನದ ಬಣ್ಣದ, ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿದ ಕೂದಲಿನ ಹುಡುಗಿಯನ್ನು. ಅವಳೂ ಸಿರಿವಂತೆಯೇ. ಆದರೆ ಅವಳದು ಯುರೋಪಿನ ಗತ್ತು, ಬಾಯಿಗೆ ಕೈ ಅಡ್ಡ ಹಿಡಿದು ಜೋರಾಗಿ ನಗುವವಳು. ಒಂದೇ ಶಾಲೆಯ ಕಥೆಯಲ್ಲಿ ಇಬ್ಬರೂ ಇದ್ದರೆ, ಯಾರ ಮನೆಯಲ್ಲಿ ಟಟಾಮಿ ಚಾಪೆ, ಯಾರ ಮನೆಯಲ್ಲಿ ಗೊಂಚಲು ದೀಪ ಅಂತ ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳುವುದಿಲ್ಲ.

ನನಗೆ ಇಷ್ಟವಾಗುವುದು ಈ ನಿರೀಕ್ಷೆಯನ್ನು ಮುರಿಯುವವರು. ‘ಕಾಕೆಗುರುಯಿ’ಯ ಯುಮೆಕೊ ಹೊಸದಾಗಿ ಶಾಲೆಗೆ ಸೇರಿದ, ತಗ್ಗಿ ಬಗ್ಗಿ ಮಾತಾಡುವ, ಕಪ್ಪು ನೇರ ಕೂದಲಿನ ಹುಡುಗಿಯಾಗಿ ಬರುತ್ತಾಳೆ. ಜೂಜಿನ ಮೇಜಿಗೆ ಕೂತಾಗಲೇ ಗೊತ್ತಾಗುವುದು, ಇವಳಿಗೆ ಗೆಲುವಿಗಿಂತ ಸೋಲಿನ ಅಪಾಯವೇ ರುಚಿ ಅಂತ. ಆ ಕೂದಲು ಇಲ್ಲದಿದ್ದರೆ ಕಣ್ಣು ಕೆಂಪಾಗುವ ಆ ಕ್ಷಣಕ್ಕೆ ಅರ್ಧ ಬಲವೂ ಇರುತ್ತಿರಲಿಲ್ಲ.

ಇನ್ನೊಂದು ಕಡೆ ದೆವ್ವದ ನಂಟು. ಬದುಕಿರುವ ಹೆಂಗಸರೆಲ್ಲ ತುರುಬು ಕಟ್ಟುತ್ತಿದ್ದ ಎಡೋ ಕಾಲದಲ್ಲಿ ಬಿಚ್ಚುಗೂದಲು ಅಂದರೆ ಸತ್ತವರ ಲಕ್ಷಣ. ಮರುಯಾಮಾ ಓಕ್ಯೊ ಎಂಬ ಚಿತ್ರಕಾರ ಹದಿನೆಂಟನೇ ಶತಮಾನದಲ್ಲಿ ಬರೆದನೆನ್ನುವ ಓಯುಕಿಯ ಪ್ರೇತಚಿತ್ರದಿಂದ ಹಿಡಿದು 1998ರ ‘ರಿಂಗು’ ಸಿನಿಮಾದ ಸಡಾಕೊವರೆಗೆ ಅದು ಬಂದಿದೆ. ಹಾಗಾದರೆ ರಾಜಕುಮಾರಿಗೂ ಪ್ರೇತಕ್ಕೂ ವ್ಯತ್ಯಾಸ? ಕೂದಲು ಒಂದೇ, ಅಂಚು ಬೇರೆ. ರಾಜಕುಮಾರಿಯ ಅಂಚು ನೀಟಾಗಿ ಕತ್ತರಿಸಿದ್ದು, ಪ್ರೇತದ್ದು ಯಾರೂ ಮುಟ್ಟದೆ ಮುಖದ ಮೇಲೆ ಬಿದ್ದದ್ದು. ‘ಜಿಗೊಕು ಶೋಜೊ’ದ ಎಮ್ಮಾ ಆಯ್ ಈ ಎರಡರ ನಡುವೆ ನಿಂತಿದ್ದಾಳೆ. ಬೊಂಬೆಯಂತೆ ಒಪ್ಪ ಮಾಡಿದ ಕೂದಲು, ಆದರೆ ಅವಳನ್ನು ಬೆಟ್ಟದ ದೇವರಿಗೆ ಬಲಿ ಅಂತ ಜೀವಂತ ಹೂತದ್ದು ಅವಳ ಊರಿನವರೇ. ತಲೆ ಮೇಲಿನ ಕೈ ಯಾವ ಮಟ್ಟಕ್ಕೆ ಹೋಗಬಹುದು ಅನ್ನುವುದಕ್ಕೆ ಇದಕ್ಕಿಂತ ಖಾರದ ಉದಾಹರಣೆ ಬೇಡ. ‘ಕಿಮಿ ನಿ ತೊದೊಕೆ’ಯ ಸವಾಕೊ ಪಾಪ, ಸಾಧಾರಣ ಮನೆಯ ಒಳ್ಳೇ ಹುಡುಗಿ. ತರಗತಿಯವರು ಉದ್ದ ಕಪ್ಪು ಕೂದಲು ನೋಡಿ ಸಡಾಕೊ ಅಂತಲೇ ಕರೆಯುತ್ತಾರೆ. ಇಡೀ ಪ್ರೇಮಕಥೆ ಆ ತಪ್ಪು ಓದನ್ನು ಬಿಡಿಸುವುದರಲ್ಲೇ ಸಾಗುತ್ತದೆ.

ಇದರ ಮೂಲ ಅರ್ಥವನ್ನು ನೇರವಾಗಿ ಎದುರಿಸಿದ್ದು, ನಾನು ನೋಡಿದ್ದರಲ್ಲಿ, ತಕಹಾತಾ ಇಸಾವೊ 2013ರಲ್ಲಿ ಮಾಡಿದ ಕಗುಯಾ ರಾಜಕುಮಾರಿಯ ಸಿನಿಮಾ. ತಮಾಷೆಯೆಂದರೆ ಅಲ್ಲಿ ಅನಿಮೆಯ ಹಿಮೆ ಕಟ್ ಇಲ್ಲ. ಹಣೆ ಬಿಟ್ಟ ಹಳೇ ಕೂದಲೇ ಇದೆ. ಬಿದಿರು ಕಡಿಯುವವನು ಕಾಡಲ್ಲಿ ಸಿಕ್ಕ ಮಗಳನ್ನು ರಾಜಧಾನಿಗೆ ತಂದು ಉಪಾಧ್ಯಾಯಿನಿಯನ್ನು ಇಡುತ್ತಾನೆ. ಹುಬ್ಬು ಕೀಳಬೇಕು, ಹಲ್ಲು ಕಪ್ಪು ಮಾಡಬೇಕು, ಓಡಬಾರದು, ಬಾಯಿ ತೆರೆದು ನಗಬಾರದು. ತನ್ನ ಹೆಸರಿನ ಔತಣದ ರಾತ್ರಿ ಅವಳು ಎದ್ದು ಓಡುತ್ತಾಳಲ್ಲ, ಆಗ ಒಂದೊಂದೇ ನಿಲುವಂಗಿ ಕಳಚಿ ಬೀಳುತ್ತದೆ, ನೀಟಾಗಿದ್ದ ಗೆರೆಗಳು ಇದ್ದಿಲಲ್ಲಿ ಗೀಚಿದ ಹಾಗಾಗುತ್ತವೆ, ಕೂದಲು ಬರಿ ಕಪ್ಪು ಗೀಟುಗಳಾಗಿ ಹಿಂದೆ ಹಾರುತ್ತದೆ. ಕ್ಲೀನಪ್ ಮಾಡುವವನಾಗಿ ನಾನು ಅದನ್ನು ಹೊಟ್ಟೆಕಿಚ್ಚಿನಿಂದಲೇ ನೋಡುತ್ತೇನೆ. ಅಲ್ಲಿ ಗೆರೆ ನೀಟು ಮಾಡಿದ್ದರೆ ದೃಶ್ಯವೇ ಸತ್ತುಹೋಗುತ್ತಿತ್ತು.

ಇನ್ನೊಂದು ಕಾರಣ ಬರಿ ಕಸುಬಿನದು. ಗುಂಗುರು ಕೂದಲನ್ನು ಫ್ರೇಮ್ ಫ್ರೇಮಿಗೂ ಒಂದೇ ಆಕಾರದಲ್ಲಿ ಇಡುವುದು ನರಕ. ಹಿಮೆ ಕಟ್ ನಾಲ್ಕು ತುಂಡು: ಹಣೆಯದೊಂದು, ಪಕ್ಕದವೆರಡು, ಹಿಂದಿನದೊಂದು. ನೆತ್ತಿಯ ಸುತ್ತ ಒಂದು ಬಿಳಿ ಹೊಳಪಿನ ಪಟ್ಟಿ ಎಳೆದರೆ ರೇಶಿಮೆ ಬಂತು. ಆ ಪಟ್ಟಿಗೆ ಜಪಾನಿನಲ್ಲಿ ‘ದೇವತೆಯ ಬಳೆ’ ಅನ್ನುವಂಥ ಹೆಸರೇ ಇದೆ. ತಲೆ ತಿರುಗಿಸಿದಾಗ ಪಕ್ಕದ ಎಳೆ ಒಂದೆರಡು ಫ್ರೇಮ್ ತಡವಾಗಿ ಹಿಂಬಾಲಿಸಿದರೆ ಸಾಕು, ಹುಡುಗಿ ಹಿಂಜರಿದಳು ಅನ್ನುವುದು ಮುಖಭಾವ ಬದಲಿಸದೆಯೇ ಗೊತ್ತಾಗುತ್ತದೆ. ನಿಜವಾದ ತಲೆ ಇಷ್ಟು ಮಾತು ಕೇಳುವುದಿಲ್ಲ. ನಮ್ಮ ಅಕ್ಕನ ಮಗಳು ಪಾರ್ಲರಿನಲ್ಲಿ ಇದನ್ನೇ ಮಾಡಿಸಿಕೊಂಡು ಬಂದಳು. ಮಳೆಗಾಲದಲ್ಲಿ ಆ ಎರಡು ಎಳೆ ಹೊರಕ್ಕೆ ಮಡಚಿಕೊಂಡು ನಿಂತುಬಿಡುತ್ತವೆ, ಈಗ ಕಾಲೇಜಿಗೆ ಹೊರಡುವ ಮುಂಚೆ ದಿನಾ ಸ್ಟ್ರೈಟ್ನರ್.

ಇನ್ನು ನಿಮ್ಮ ನಾಯಕಿ. ಕೊಡಿ, ಧಾರಾಳವಾಗಿ. ಆದರೆ ಮೊದಲು ಅವಳ ಕೂದಲು ಕತ್ತರಿಸುವವರು ಯಾರು ಅಂತ ನೀವು ತೀರ್ಮಾನ ಮಾಡಿಕೊಂಡಿರಬೇಕು. ಅಮ್ಮನೋ, ಅಜ್ಜಿಯೋ, ಹಾಸ್ಟೆಲ್ ನಿಯಮವೋ, ಅವಳೇ ಕನ್ನಡಿ ಮುಂದೆ ನಿಂತೋ. ಅವಳೇ ಅಂದಾದರೆ ಅಂಚು ಸ್ವಲ್ಪ ಸೊಟ್ಟ ಬಿಡಿಸಿ, ಒಂದು ಪಕ್ಕ ಅರ್ಧ ಬೆರಳು ಗಿಡ್ಡ ಇರಲಿ. ಬಣ್ಣ ಕಪ್ಪೇ ಆಗಬೇಕೆಂದಿಲ್ಲ, ಹಿನಾಟಾಳದ್ದು ಕಡುನೀಲಿ. ‘ಒನ್ ಪೀಸ್’ನ ಬೋವಾ ಹ್ಯಾನ್‌ಕಾಕ್ ಹಣೆ ಬಿಟ್ಟುಕೊಂಡೇ ಕೆನ್ನೆಯ ಎಳೆಗಳನ್ನು ಉಳಿಸಿಕೊಂಡಿದ್ದಾಳೆ, ಚಕ್ರವರ್ತಿನಿಯಾಗಿಯೇ ಕಾಣುತ್ತಾಳೆ. ಬಿಡಬಾರದ್ದು ಆ ಎಳೆಗಳನ್ನು. ದವಡೆಯ ಮೂಳೆಗೆ ಸರಿಯಾಗಿ ನಿಲ್ಲಿಸಿ. ಅದಕ್ಕಿಂತ ಕೆಳಗಿಳಿದರೆ ಹಿಂದಿನ ಕೂದಲಲ್ಲಿ ಕಲೆತುಹೋಗಿ ಅದು ಸಾದಾ ಉದ್ದ ಕೂದಲಾಗುತ್ತದೆ, ಕಿವಿಗಿಂತ ಮೇಲೆ ಹೋದರೆ ಹುಡುಗರ ಕೃದಾ ಆಗುತ್ತದೆ. ಗಾಳಿ ಬೀಸುವ ದೃಶ್ಯದಲ್ಲಿ ಹಿಂದಿನ ಕೂದಲನ್ನು ಎಷ್ಟು ಬೇಕಾದರೂ ಹಾರಿಸಿ, ಹಣೆಯ ಅಂಚನ್ನು ಮಾತ್ರ ಒಂದೆರಡು ಎಳೆ ಅಲುಗಿಸಿ ಬಿಡಿ. ಎಂದಾದರೂ ಅವಳು ಮನೆಯವರಿಗೆ ಎದುರು ಮಾತಾಡುವ ಪುಟ ಬರುವುದಿದ್ದರೆ, ಹಣೆ ಪೂರ್ತಿ ಕಾಣಿಸುವುದನ್ನು ಅಲ್ಲಿಯವರೆಗೆ ತಡೆದಿಟ್ಟುಕೊಳ್ಳಿ.