ಆ ಉಜ್ಜುಗೊರಡಿಗೆ ವಾರ್ನಿಶ್ ಬೇಡ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ. ಮಗನ ಮನೆಗೆಂದು ಅಮೆರಿಕದ ಯೂಟಾಗೆ ಹೋದವರು ಹಳೇ ಸಾಮಾನಿನ ಅಂಗಡಿಯಲ್ಲಿ ಮರದ ಉಜ್ಜುಗೊರಡು (ಹಲಗೆ ಹೆರೆದು ನುಣುಪು ಮಾಡುವ ಬಡಗಿಯ ಸಾಧನ) ಕೊಂಡರಂತೆ. ತಿಕ್ಕಿ ವಾರ್ನಿಶ್ ಹೊಡೆಯಲೇ ಎಂದು ಕೇಳುತ್ತಾರೆ. ಅಲ್ಲಿನ ಸಾಲ್ಟ್ ಲೇಕ್ ಸಿಟಿಯ ಟ್ಯಾಬರ್ನೇಕಲ್ ಸಭಾಮಂದಿರವನ್ನು ಒಂದೂ ಮೊಳೆಯಿಲ್ಲದೆ ಕಟ್ಟಿದ್ದು ನಿಜವೇ ಎಂಬುದು ಇನ್ನೊಂದು ಪ್ರಶ್ನೆ.

ಮೊಳೆಯ ಮಾತು ಅರ್ಧ ನಿಜ, ಸರ್. ಅದನ್ನು ಕಟ್ಟಿದ ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರು ಸಾಲ್ಟ್ ಲೇಕ್ ಕಣಿವೆಗೆ ಗಾಡಿ ಕಟ್ಟಿಕೊಂಡು ಬಂದದ್ದು 1847ರ ಜುಲೈನಲ್ಲಿ. ಅವರ ಮುಂದಾಳು ಬ್ರಿಗಮ್ ಯಂಗ್ ಸ್ವತಃ ಬಡಗಿ. ಯೂಟಾಗೆ ರೈಲು ಬಂದದ್ದು 1869ರಲ್ಲಿ. ಅಲ್ಲಿಯವರೆಗೆ ಕಬ್ಬಿಣ ಬಹುಪಾಲು ಸಾವಿರ ಮೈಲಿ ಗಾಡಿಯಲ್ಲೇ ಬರಬೇಕಿತ್ತು. ಸುಮ್ನೆ ಖರ್ಚು ಮಾಡ್ತಾರಾ?

ಮಂದಿರ ಕಟ್ಟಿದ್ದು 1863ರಿಂದ 1867ರವರೆಗೆ. ಚಾವಣಿಯ ಹೊಣೆ ಹೊತ್ತ ಹೆನ್ರಿ ಗ್ರೋ ಸೇತುವೆ ಕಟ್ಟಿ ಪಳಗಿದವರು. ಹಲಗೆಗಳನ್ನು ಜಾಲರಿಯಂತೆ ಹೆಣೆದು ಕಮಾನು ಎಬ್ಬಿಸಿದರು. ಕಟ್ಟಡ ಸುಮಾರು 250 ಅಡಿ ಉದ್ದ, 150 ಅಡಿ ಅಗಲ. ಚಾವಣಿಗೆ ನಡುವೆ ಆಸರೆ ಕಂಬವೇ ಇಲ್ಲ. ಹಲಗೆ ಸೇರುವಲ್ಲಿ ತೂತು ಕೊರೆದು ಮರದ ಗೂಟ ಜಡಿದರು. ಮರ ಸೀಳು ಬಿಟ್ಟರೆ ಹಸಿ ಚರ್ಮ ಸುತ್ತಿದರು. ಚರ್ಮ ಒಣಗುತ್ತಾ ಕುಗ್ಗಿ ಸೀಳನ್ನು ಬಿಗಿ ಹಿಡಿಯಿತು. ಆದರೆ ಇಡೀ ಕಟ್ಟಡದಲ್ಲಿ ಮೊಳೆಯೇ ಇಲ್ಲ ಅನ್ನೋದು ಕಟ್ಟುಕಥೆ.

ನನಗೆ ಜಾಸ್ತಿ ಇಷ್ಟವಾದದ್ದು ಒಳಗಿನ ಬೆಂಚುಗಳು. ಅಲ್ಲಿ ಗಟ್ಟಿ ಮರಕ್ಕೆ ಬರ. ಹಾಗಾಗಿ ಮೆತ್ತನೆಯ ಪೈನ್ ಮರದಲ್ಲಿ ಮಾಡಿ, ಮೇಲೆ ಓಕ್ ಮರದ ಎಳೆಗಳನ್ನು ಬಣ್ಣದಲ್ಲಿ ಬರೆದುಬಿಟ್ಟರು!

ನಿಮ್ಮ ಉಜ್ಜುಗೊರಡಿನ ಕಥೆಯೂ ಇಲ್ಲೇ ಇದೆ. ಅದು ಬೀಚ್ ಮರದ್ದಾಗಿದ್ದರೆ ಯೂಟಾದ ಮರವಲ್ಲ. ಗಾಡಿಯಲ್ಲೋ ರೈಲಿನಲ್ಲೋ ದೂರದಿಂದ ಬಂದದ್ದು. ಹಿಂಬದಿಗೆ ಕೊಡತಿಯಿಂದ ಮೆಲ್ಲಗೆ ತಟ್ಟಿ. ಬೆಣೆ ಸಡಿಲಾಗಿ ಅಲಗು ಕೈಗೆ ಬರುತ್ತದೆ. ಹೆಬ್ಬೆರಳು ಊರುವ ಕಡೆ ಮರ ಸವೆದು ಗುಳಿ ಬಿದ್ದಿದೆಯಾ, ಮುಟ್ಟಿ ನೋಡಿ. ಸ್ಯಾಂಡ್‌ಪೇಪರ್ ಮೊದಲು ತಿನ್ನುವುದು ಅದನ್ನೇ. ನಾನೂ ಒಮ್ಮೆ ಹಳೇ ಬಾಚಿಯ ಹಿಡಿಯನ್ನು ತಿಕ್ಕಿ ಹೊಸದು ಮಾಡಿದೆ. ಈಗ ಅದು ಯಾರ ಬಾಚಿಯೂ ಅಲ್ಲ.

ಒಣಬಟ್ಟೆಯಲ್ಲಿ ಒರೆಸಿ, ಅಗಸೆ ಎಣ್ಣೆ ತೆಳ್ಳಗೆ ಸವರಿದರೆ ಸಾಕು. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ. ಗೊರಡಿನ ಮುಂಬದಿಯಲ್ಲಿ ಮರ ಅಡ್ಡಕ್ಕೆ ಕೊಯ್ದ ಮುಖದ ಮೇಲೆ ಟಾರ್ಚ್ ಓರೆಯಾಗಿ ಬಿಡಿ. ಆಗಿನ ಬಡಗಿಗಳು ಅಲ್ಲಿ ಕಬ್ಬಿಣದ ಅಚ್ಚಿನಿಂದ ಹೆಸರು ಒತ್ತುತ್ತಿದ್ದರು. ಕೈ ಬದಲಾದಂತೆ ಹೆಸರೂ ಎರಡೋ ಮೂರೋ ಆಗುತ್ತಿತ್ತು. ಸಿಕ್ಕರೆ ಫೋಟೊ ಕಳಿಸುತ್ತೀರಲ್ವಾ?

— ಸಂಪಾದಕ