ಸೊಳ್ಳೆ ತರಾ ಕಾಣೋ ವುಡ್ ನ್ಯಾಟ್ ಕಚ್ಚುತ್ತಾ?

ಪ್ರಶ್ನೆ: ಕಿಟಕಿ ಗಾಜಿನ ಮೇಲೆ ಸೊಳ್ಳೆ ತರಾನೇ ಇರೋ ಒಂದು ಹುಳ ಸುಮ್ನೆ ಕೂತಿರುತ್ತೆ, ರೆಕ್ಕೆ ಮೇಲೆ ಕಪ್ಪು ಕಲೆಗಳಿವೆ. ಇದು ವುಡ್ ನ್ಯಾಟ್, ಸಿಲ್ವಿಕೋಲ ಫೆನೆಸ್ಟ್ರಾಲಿಸ್ ಅಂತ ಹೇಳಿದ್ರು. ಕಚ್ಚುತ್ತಾ? ಇದರ ಮರಿ ಎಲ್ಲಿ ಬೆಳೆಯುತ್ತೆ? ಸ್ಪ್ರೇ ಹೊಡೀಬೇಕಾ?

ಉತ್ತರ: ಕಚ್ಚಲ್ಲ. ರಕ್ತ ಹೀರೋಕೆ ಸೊಳ್ಳೆಗಿರೋ ಸೂಜಿಯಂಥ ಸೊಂಡಿಲು ಇದಕ್ಕಿಲ್ಲ, ಹೂವಿನ ರಸ, ಮರದಿಂದ ಜಿನುಗೋ ರಸ ಇಂಥದ್ದನ್ನ ಹೀರ್ಕೊಂಡು ಬದುಕುತ್ತೆ. ಗುರುತಿಸೋದೂ ಕಷ್ಟ ಇಲ್ಲ, ಕೂತಾಗ ರೆಕ್ಕೆಗಳನ್ನ ಒಂದರ ಮೇಲೊಂದು ಚಪ್ಪಟೆಯಾಗಿ ಮಡಚಿಡುತ್ತೆ, ರೆಕ್ಕೆ ತುದಿ ಹತ್ರ ಒಂದು ಕಪ್ಪು ಕಲೆ ಎದ್ದು ಕಾಣುತ್ತೆ, ಭೂತಗನ್ನಡಿ ಹಿಡಿದು ನೋಡಿದ್ರೆ ನೆತ್ತಿ ಮೇಲೆ ಚುಕ್ಕಿಯಂಥ ಮೂರು ಪುಟ್ಟ ಸರಳ ಕಣ್ಣುಗಳು ಸಿಗುತ್ವೆ, ಸೊಳ್ಳೆಗೆ ಅವು ಇರಲ್ಲ. 1763ರಲ್ಲೇ ಸ್ಕೋಪೋಲಿ ಅನ್ನೋ ವಿಜ್ಞಾನಿ ಇದನ್ನ ವರ್ಣಿಸಿ ಹೆಸರಿಟ್ಟಿದ್ದಾರೆ.

ಆದ್ರೆ ನನಗೆ ನಿಜವಾಗ್ಲೂ ಇಷ್ಟ ಆಗೋದು ಇದರ ಮರಿಹುಳ. ಕಾಲಿಲ್ಲ, ತೆಳ್ಳಗೆ ಉದ್ದಕ್ಕೆ ಪುಟಾಣಿ ಹಾವಿನ ಹಾಗೆ ನುಲೀತಾ ಹೋಗುತ್ತೆ, ಕೊಳೆತ ಎಲೆ, ಕೊಳೆತ ಗೆಡ್ಡೆ, ಗೊಬ್ಬರ, ಮರದ ಪೊಟರೇಲಿ ನಿಂತ ರಾಡಿ ಹೀಗೆ ಒದ್ದೆಯಾಗಿ ಕೊಳೀತಿರೋ ಕಡೆ ಎಲ್ಲಾ ಇರುತ್ತೆ. ಬಾಲದ ತುದೀಲಿ ಉಸಿರಾಟದ ರಂಧ್ರಗಳಿರೋದ್ರಿಂದ ಮೈಯೆಲ್ಲಾ ರಾಡೀಲಿ ಮುಳುಗಿದ್ರೂ ಬಾಲ ಮಾತ್ರ ಮೇಲಿಟ್ಟು ಉಸಿರಾಡುತ್ತೆ! ಕೊಳಚೆ ನೀರು ಶುದ್ಧ ಮಾಡೋ ಘಟಕಗಳಲ್ಲಿ ಕಲ್ಲುರಾಶಿ ಮೇಲೆ ನೀರು ಹನಿಸೋ ಫಿಲ್ಟರ್ ಇರುತ್ತಲ್ಲ, ಅಲ್ಲಿ ಕಲ್ಲುಗಳ ಮೇಲೆ ಬ್ಯಾಕ್ಟೀರಿಯಾ, ಫಂಗಸ್ ಸೇರಿ ಲೋಳೆ ಪದರ ಕಟ್ಟುತ್ತೆ, ಅದು ದಪ್ಪ ಆದ್ರೆ ಸಂದುಗಳು ಮುಚ್ಚಿ ನೀರೇ ಇಳಿಯಲ್ಲ. ಆ ಲೋಳೆನ ತಿಂದು ಫಿಲ್ಟರ್ ಕಟ್ಟಿಕೊಳ್ಳದ ಹಾಗೆ ನೋಡ್ಕೊಳ್ಳೋ ಜೀವಿಗಳಲ್ಲಿ ಈ ಮರಿಗಳೂ ಸೇರಿವೆ. ಕೊನೆಗೆ ಅವೆಲ್ಲಾ ರೆಕ್ಕೆ ಬಂದು ಗುಂಪುಗುಂಪಾಗಿ ಹೊರಗೆ ಹಾರಿದಾಗ ಅಕ್ಕಪಕ್ಕದ ಮನೆಯೋರಿಗೆ ಕಿರಿಕಿರಿ ಆಗೋದೂ ಉಂಟು, ಅದನ್ನೂ ಒಪ್ಪಬೇಕು.

ಸ್ಪ್ರೇ ದಯವಿಟ್ಟು ಬೇಡ. ಕಂಡ ಹುಳನ ಸಾಯಿಸಿದ್ರೂ ಹುಟ್ಟೋ ಜಾಗ ಹಾಗೇ ಇರುತ್ತೆ. ಮನೆಯೊಳಗೇ ತುಂಬಾ ಕಾಣಿಸ್ತಿದ್ರೆ ತರಕಾರಿ ಬುಟ್ಟಿ ತಳದಲ್ಲಿ ಏನಾದ್ರೂ ಕೊಳೀತಿದೆಯಾ, ಕಾಂಪೋಸ್ಟ್ ಡಬ್ಬಿ ತೆರೆದಿದೆಯಾ ನೋಡಿ. ಮನೇಲಿ ವೈನ್ ಮಾಡೋರಾದ್ರೆ ಹುದುಗೋಕೆ ಇಟ್ಟ ಪಾತ್ರೆನ ಸರಿಯಾಗಿ ಮುಚ್ಚಿಡಿ, ಈ ಮರಿಗಳು ಅದರೊಳಗೂ ಬೆಳೆಯುತ್ವೆ.