ಹಾಲು ಅವಳದು, ತೇಗು ನಿಮ್ಮದು

ಪ್ರಶ್ನೆ: ನಾನು ಕಾರವಾರದಲ್ಲಿ ಕೆಲಸದಲ್ಲಿದ್ದೇನೆ. ಹೆಂಡತಿ ಬಾಣಂತನಕ್ಕೆ ಶಿರಸಿ ಹತ್ತಿರದ ತವರಿನಲ್ಲಿದ್ದಾಳೆ. ಸಿಸೇರಿಯನ್ ಆಗಿ ಹಾಲು ಇಳಿಯುವುದು ತಡವಾಯಿತೆಂದು ಆಸ್ಪತ್ರೆಯಲ್ಲಿ 2 ದಿನ ಡಬ್ಬಿ ಹಾಲು ಕೊಟ್ಟರು. ಮಗಳಿಗೀಗ 22 ದಿನ, ಎದೆಹಾಲನ್ನೇ ಕುಡಿಯುತ್ತಾಳೆ. ಆದರೂ ‘ಮೊದಲ ದಿನವೇ ತಪ್ಪಿಹೋಯಿತು, ಕೂಸು ನನ್ನನ್ನು ಹಚ್ಚಿಕೊಳ್ಳುವುದಿಲ್ಲ’ ಎಂದು ಹೆಂಡತಿ ಅಳುತ್ತಾಳೆ. ಶನಿವಾರ ನಾನು ಹೋಗಿ ಎತ್ತಿಕೊಂಡರೆ ಮಗು ಚೀರುತ್ತದೆ. ‘ಹಾಲು ಬೇಕು ಅದಕ್ಕೆ, ಇತ್ಲಾಗೆ ಕೊಡಿ’ ಎಂದು ಅತ್ತೆ ಇಸಿದುಕೊಳ್ಳುತ್ತಾರೆ. ನಾನೂ ಬಾಟಲಿಯಲ್ಲಿ ಹಾಲು ಕುಡಿಸಿದರೆ ಮಗು ನನಗೆ ಹೊಂದಿಕೊಂಡೀತೇ?
– ಓದುಗರು, ಕಾರವಾರ

ಉತ್ತರ: ನೀವು ನನ್ನ ಮಗನ ವಯಸ್ಸಿನವರು, ತಮಾ ಎಂದರೆ ಬೇಸರಿಸಬೇಡಿ. ಮೊದಲು ಹೆಂಡತಿಯ ಮಾತು.

ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಿ ಎಂದು ನಾವು ನರ್ಸುಗಳು ಹೇಳುವುದು ನಿಜ. ಆ ಗಂಟೆ ದಾಟಿತೆಂದು ಬಾಗಿಲೇನೂ ಮುಚ್ಚುವುದಿಲ್ಲ. ನನ್ನ ಚೊಚ್ಚಲ ಹೆರಿಗೆಯಲ್ಲಿ ಮೊದಲು ಬರುವ ಹಳದಿ ಹಾಲು ಕೂಸಿಗೆ ಆಗುವುದಿಲ್ಲವೆಂದು ಮನೆಯ ಹಿರಿಯರು ಹಿಂಡಿ ಚೆಲ್ಲಿಸಿದರು, ಮಾಣಿಯ ಬಾಯಿಗೆ ಜೇನುತುಪ್ಪ ನೆಕ್ಕಿಸಿದರು. ವರ್ಷ ತುಂಬುವವರೆಗೆ ಜೇನು ಕೊಡಬಾರದೆಂದು ವಾರ್ಡಿನಲ್ಲಿ ಊರಿಗೆಲ್ಲ ಹೇಳುವವಳು ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಆ ಮಾಣಿ ಈಗಲೂ ದಿನಾ ರಾತ್ರಿ ಫೋನ್ ಮಾಡಿ ‘ಆಯಿ, ಗುಳಿಗೆ ತಗಂಡ್ಯಾ?’ ಅನ್ನುತ್ತಾನೆ. ಹಚ್ಚಿಕೊಳ್ಳುವುದಕ್ಕೆ ಇನ್ನೆಷ್ಟು ಬೇಕು!

ಸಿಸೇರಿಯನ್ ಆದವರಿಗೆ ಹಾಲು ತುಂಬಿ ಬರಲು ಒಂದೆರಡು ದಿನ ಹೆಚ್ಚು ಹಿಡಿಯುವುದುಂಟು. ಕೂಸು ಚೀಪಿದಷ್ಟೂ ಹಾಲು ಹುಟ್ಟುತ್ತದೆ. ಹಗಲು ರಾತ್ರಿ ಸೇರಿ 8ರಿಂದ 12 ಸಲ ಕುಡಿಯಬೇಕು. ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ಯುತ್ತಿದೆಯೇ, ಹುಟ್ಟಿದಾಗಿನ ತೂಕ ದಾಟಿದೆಯೇ ನೋಡಿ. 28ನೇ ದಿನಕ್ಕೆ ಆಶಾ ಕಾರ್ಯಕರ್ತೆ ಬರುತ್ತಾರಲ್ಲ, ಅವರ ಕೈಲೇ ತೂಗಿಸಿ.

ಅವಳ ಅಳು ಮಾತ್ರ ನನಗೆ ಚಿಂತೆಯ ವಿಷಯ. ಹೆರಿಗೆಯಾದ ಮೇಲೆ ಸುಮ್ಮಸುಮ್ಮನೆ ಕಣ್ಣೀರು ಬರುವುದು ಸಾಮಾನ್ಯ, ಆದರೆ ಎರಡು ವಾರದೊಳಗೆ ಅದು ಇಳಿಯಬೇಕು. ಇವಳಿಗೆ 22 ದಿನವಾಯಿತು. ಕೂಸು ಮಲಗಿದರೂ ಇವಳಿಗೆ ನಿದ್ದೆಯಿಲ್ಲವೇ, ಊಟ ಸೇರುತ್ತಿಲ್ಲವೇ, ‘ನನ್ನಿಂದಾಗದು’ ಅನ್ನುತ್ತಾಳೆಯೇ, ಕೇಳಿ. ಏನೇ ಇರಲಿ, ಈ ವಾರವೇ ಡಾಕ್ಟರಿಗೆ ತೋರಿಸಿ. ‘ಬಾಣಂತಿಗೆ ಇದೆಲ್ಲ ಇದ್ದದ್ದೇ’ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನು ನಿಮ್ಮದು. ಬಾಟಲಿ ಬೇಡ. ಡಬ್ಬಿ ಹಾಲು ಶುರುವಾದರೆ ಕೂಸು ಮೊಲೆ ಚೀಪುವುದು ಕಡಿಮೆಯಾಗಿ, ಇದ್ದ ಹಾಲೂ ಬತ್ತುತ್ತ ಬರುತ್ತದೆ. ಮುಂದೆ ಯಾವತ್ತಾದರೂ ಹೆಂಡತಿ ಹೊರಗೆ ಹೋಗಬೇಕಾಗಿ ಬಂದರೆ ಅವಳದೇ ಹಾಲನ್ನು ಹಿಂಡಿಟ್ಟು ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಲ್ಲಿ, ಕುಡಿಸಿ.

ಮಗು ಚೀರುವುದು ನಿಮ್ಮ ಮೇಲಿನ ಮುನಿಸಿನಿಂದಲ್ಲ. ದೇವಿಮನೆ ಘಟ್ಟ ಹತ್ತಿ, ಬಸ್ಸಿನ ಡೀಸೆಲ್ ವಾಸನೆ, ಅಂಗಿಯ ಸೆಂಟು ಎಲ್ಲ ಹೊತ್ತು ಬಂದು ನೇರ ಎತ್ತಿಕೊಳ್ಳುತ್ತೀರಿ, ಅದೂ ಹಸಿದ ಕೂಸನ್ನು. ಅದಕ್ಕೆ ಕಣ್ಣಿಗಿಂತ ಮೂಗು ಚುರುಕು. ಮೊದಲು ಮೀಯಿರಿ. ಅಂಗಿ ತೊಡಬೇಡಿ. ಅದು ಕುಡಿದು ತಣಿಯುವವರೆಗೆ ಕಾಯಿರಿ.

ಆಮೇಲೆ ಅತ್ತೆಯ ಹತ್ತಿರ ‘ತೇಗು ನಾನು ಬರಿಸ್ತೇನೆ’ ಅನ್ನಿ. ಹಾಲು ಕೇಳಿದರೆ ತಾನೇ ಅವರು ತಕರಾರು ತೆಗೆಯುವುದು? ಗೋಡೆಗೆ ಒರಗಿ ಕುಳಿತು, ಕೂಸಿನ ಗಲ್ಲ ನಿಮ್ಮ ಹೆಗಲಿಗೆ ತಾಗುವಂತೆ ಎತ್ತಿಕೊಳ್ಳಿ. ಒಂದು ಅಂಗೈ ಕುತ್ತಿಗೆಗೆ ಆಧಾರವಾಗಿರಲಿ, ಇನ್ನೊಂದರಿಂದ ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ಸವರಿ. ತೇಗು ಬಂದ ಮೇಲೆ ಬರಿಯ ಲಂಗೋಟಿಯಲ್ಲಿ ನಿಮ್ಮ ಬರಿ ಎದೆಯ ಮೇಲೆ ಮಲಗಿಸಿಕೊಂಡು ಬೆನ್ನಿಗೆ ಪಂಚೆ ಹೊದಿಸಿ. ಮೂಗು ಬಾಯಿ ತೆರೆದಿರಲಿ. ನಿಮಗೆ ತೂಕಡಿಕೆ ಬಂದರೆ ತೊಟ್ಟಿಲಿಗೆ ಹಾಕಿ, ಎದೆಯ ಮೇಲೆ ಇಟ್ಟುಕೊಂಡು ನಿದ್ದೆ ಬೇಡ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ, ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿ ಬೆಚ್ಚಗಿಟ್ಟರು. ‘ಕಾಂಗರೂ ಆರೈಕೆ’ ಎನ್ನುವ ಆ ಪದ್ಧತಿಯಲ್ಲಿ ಈಗ ಅಪ್ಪಂದಿರ ಎದೆಗೂ ಜಾಗವಿದೆ.

ಈ ವಯಸ್ಸಿಗೆ ಅದರ ಕಣ್ಣಿಗೆ ಚೆನ್ನಾಗಿ ಕಾಣುವುದು ಸುಮಾರು 20–30 ಸೆಂಟಿಮೀಟರ್ ದೂರದ್ದಷ್ಟೇ. ತೋಳಲ್ಲಿದ್ದಾಗ ನಿಮ್ಮ ಮುಖ ಅಷ್ಟೇ ದೂರದಲ್ಲಿರುತ್ತದೆ, ಮೊಬೈಲ್ ಅಡ್ಡ ಹಿಡಿಯದಿದ್ದರೆ. ಏನಾದರೂ ಮಾತಾಡುತ್ತಿರಿ, ಕಾರವಾರದ ಮೀನಿನ ದರವಾದರೂ ಸರಿ.

ಹೆಗಲ ಮೇಲೊಂದು ಹಳೆಯ ಬಟ್ಟೆ ಹಾಕಿಕೊಳ್ಳಲು ಮರೆಯಬೇಡಿ. ತೇಗಿನ ಜೊತೆ ಹಾಲೂ ಬರುತ್ತದೆ.